ಒದ್ದೆ ಮರಳು

"ತಲೆ ಕಡೆ ಎತ್ರೋ, ಪೆಟ್ಟಿಗೆ ವಾಲ್ತಿದೆ," ಎಂದಳು ಇಡಾಲಿಯಾ, ಸೊಂಟದವರೆಗೆ ನೀರಿನಲ್ಲಿ ನಿಂತು.

ಹಾಯಿದೋಣಿಯಿಂದ ಗಂಡ ಕೊಸ್ನೆಲನ ಶವಪೆಟ್ಟಿಗೆ ಇಳಿಯುತ್ತಿತ್ತು. ದ್ವೀಪದ ಗೋರಿಗಳಿರುವುದು ಆಮೆ ಕೊಲ್ಲಿಯ ಹಿಂದಿನ ಗುಡ್ಡದಲ್ಲಿ. ಹೋಟೆಲು ಬಂದು ರಸ್ತೆಗೆ ಬೇಲಿ ಬಿದ್ದ ಮೇಲೆ ಸತ್ತವರನ್ನು ಕಡಲು ಸುತ್ತಿಸಿ ತರಬೇಕಾಗಿತ್ತು.

ದಡ ಹತ್ತಿದ ಕೂಡಲೇ ಕಾವಲುಗಾರ ಅಡ್ಡ ಬಂದ. ಅಲೆ ಮುಟ್ಟುವ ಒದ್ದೆ ಮರಳು ಎಲ್ಲರದು, ಒಣ ಮರಳು ಹೋಟೆಲಿನದು, ಅತಿಥಿಗಳು ಊಟಕ್ಕೆ ಏಳುವವರೆಗೆ ಗುಡ್ಡದ ಕಡೆಯ ಗೇಟು ತೆಗೆಯಬಾರದೆಂದು ಅಪ್ಪಣೆಯಾಗಿದೆ ಎಂದ. ಅವನಿಗೆ ಈಜು ಕಲಿಸಿದವನೇ ಕೊಸ್ನೆಲ್. ಪಾಪ, ಪೆಟ್ಟಿಗೆಯ ಕಡೆ ಅವನು ಕಣ್ಣೆತ್ತಲಿಲ್ಲ.

"ನೀರು ಏರ್ತಿದೆ ಚಿಕ್ಕಮ್ಮ," ಎಂದ ಹೆಗಲು ಕೊಟ್ಟಿದ್ದ ಜೆಫ್ರಿನ್. "ಎಷ್ಟೊತ್ತು ಅಂತ ಹೀಗೇ ನಿಲ್ಲೋದು?"

ಅಷ್ಟರಲ್ಲಿ ಹೋಟೆಲಿನ ಧಣಿ ಡೆನ್‌ಹ್ಯಾಂ ಬಿಳಿ ಹೂಗಳನ್ನು ಹಿಡಿದು ಬಂದ.

*

ಡೆನ್‌ಹ್ಯಾಂ ಈ ದ್ವೀಪಕ್ಕೆ ಮೊದಲು ಬಂದಾಗ ಅವನ ದೋಣಿಯ ಚುಕ್ಕಾಣಿ ಬಂಡೆಗೆ ಬಡಿದು ಮುರಿದಿತ್ತು. ಕೊಸ್ನೆಲ್ ಎಳೆದು ತಂದು ಸರಿಮಾಡಿಕೊಟ್ಟ. ಆಮೇಲೆ ಪ್ರತಿ ಚಳಿಗಾಲಕ್ಕೂ ಆ ಬಿಳಿ ಹಾಯಿ ತಪ್ಪದೆ ಕಾಣಿಸಿಕೊಳ್ಳುತ್ತಿತ್ತು. ಕೊಸ್ನೆಲ್ ಬಲೆ ಬಿಟ್ಟು ಅವನೊಂದಿಗೆ ತೀರ ತೀರ ಅಲೆದ. ಶಂಖ ಸಿಗುವ ಜಾಗ, ಸಿಹಿನೀರಿನ ಊಟೆ, ಕೊನೆಗೆ ಆಮೆಗಳು ಮೊಟ್ಟೆಯಿಡುವ ಈ ಕೊಲ್ಲಿ, ಎಲ್ಲವನ್ನೂ ತೋರಿಸಿದ. ಇಡಾಲಿಯಾ ಇದೇ ಮರಳಿನ ಮೇಲೆ ಒಲೆ ಹೂಡಿ ಮೀನಿನ ಸಾರು ಬಡಿಸಿದಳು.

ಎಲ್ಲವನ್ನೂ ತೋರಿಸಬೇಡ ಎಂದು ಅವಳು ಹೇಳಿದ್ದುಂಟು.

"ನೋಡಿದ್ರೆ ಸವೆದೋಗತ್ತೇನೇ?" ಎಂದು ಕೊಸ್ನೆಲ್ ನಕ್ಕಿದ್ದ.

ಉಂಡ ಮನೆಯ ಜಂತೆ ಎಣಿಸುವವರನ್ನು ಅವನು ಕಂಡಿರಲಿಲ್ಲ. ಇದೇ ಕೊಲ್ಲಿಗೆ ಡೆನ್‌ಹ್ಯಾಂನ ಬೇಲಿ ಎದ್ದ ದಿನ ಅದರ ಮುಂದೆ ನಿಂತು ನೋಡಿ ಮನೆಗೆ ಬಂದವನು ಊಟ ಮುಟ್ಟಲಿಲ್ಲ. ಮತ್ತೆ ಯಾವ ಪ್ರವಾಸಿಗೂ ದಾರಿ ತೋರಿಸಲಿಲ್ಲ.

*

ಕೊಸ್ನೆಲ್ ತನಗೆ ಒಡಹುಟ್ಟಿದ ಅಣ್ಣನಿದ್ದ ಹಾಗೆ ಎಂದ ಡೆನ್‌ಹ್ಯಾಂ. ಆದರೆ ಅತಿಥಿಗಳು ದೂರದಿಂದ ಬಂದವರು, ಹೆಣ ಕಂಡರೆ ಅವರ ರಜೆ ಕೆಡುತ್ತದೆ, ಸ್ವಲ್ಪ ಹೊತ್ತು ಸೈರಿಸಬೇಕು ಎಂದು ಮೆಲ್ಲಗೆ ಕೇಳಿಕೊಂಡ.

ಇಡಾಲಿಯಾಳಿಗೆ ಮೈಯೆಲ್ಲ ಉರಿದುಹೋಯಿತು.

"ಅಣ್ಣನ ಹೆಣಾನ ನೀರಲ್ಲಿ ನಿಲ್ಲಿಸ್ತಾರೇನಪ್ಪ? ನನ್ನ ಕೈಯಡುಗೆ ಉಣ್ಣೋವಾಗ ಕೇಳಿದ್ಯಾ, ಈ ಮರಳು ಒಣದೋ ಒದ್ದೆಯೋ ಅಂತ?"

ಡೆನ್‌ಹ್ಯಾಂ ಹೂ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಗತಿಸಿದ ಹಿರಿಯರಿಗೆ ರಮ್ಮು, ನೀರು ಎರೆದು, ಹೆಸರು ಹಿಡಿದು ಕರೆಯದೆ ಈ ದ್ವೀಪದಲ್ಲಿ ಯಾರಿಗೂ ಮಣ್ಣು ಕೊಡುವುದಿಲ್ಲ. ಆ ಕೆಲಸ ಗುಂಡಿಯ ಬಳಿ ಆಗಬೇಕು. ಆದರೆ ಅವಳು ಇಲ್ಲೇ ರಮ್ಮಿನ ಸೀಸೆಯ ಬಿರಡೆ ಕಿತ್ತಳು.

"ಅಜ್ಜಿ ಟೆಯೋಡೋರಾ, ಬಾ, ನಿನ್ನ ಮೊಮ್ಮಗನ್ನ ಕರ್ಕೊಂಡ್ ಹೋಗು," ಎಂದು ಒಣ ಮರಳಿಗೆ ಸುರಿದಳು. ಹಿಂದೆಯೇ ಕೊಡದಿಂದ ನೀರೆರೆದಳು. ಮರಳು ಕಪ್ಪಾಯಿತು.

"ಈಗ ಇದು ಒದ್ದೆ ಮರಳು. ಕಾಲಿಡು, ಜೆಫ್ರಿನ್."

ಜೆಫ್ರಿನ್ ಕಾಲಿಟ್ಟ. ಹೆಣದ ಜೊತೆ ದೋಣಿಯಲ್ಲಿ ಬಂದಿದ್ದ ಹೆಂಗಸರಿಗೆ ಬೇರೆ ಹೇಳಬೇಕಾಗಲಿಲ್ಲ. ಕರ್ಮದ ಊಟಕ್ಕೆಂದು ತಂದ ಪಾತ್ರೆಗಳನ್ನು ಕಡಲಿಗಿಳಿಸಿ ತುಂಬಿದರು. ಗಂಡಸರು ಟೋಪಿಗಳಲ್ಲಿ ಮೊಗೆದರು. ಗುಡ್ಡದಲ್ಲಿ ಮಲಗಿದ್ದ ತಮ್ಮ ತಮ್ಮವರನ್ನು ಒಬ್ಬೊಬ್ಬರೂ ಕೂಗಿ ಕರೆದು ನೀರು ಚೆಲ್ಲಿದರು. ಒರಗು ಕುರ್ಚಿಗಳ ಅತಿಥಿಗಳು ಎದ್ದು ನಿಂತರು. ಅವರ ನಡುವೆ ಕಪ್ಪು ಪಟ್ಟಿಯೊಂದು ಗೇಟಿನ ಕಡೆಗೆ ಹತ್ತಿತು, ಅದರ ಮೇಲೆ ಕೊಸ್ನೆಲ್ ಹೆಗಲೇರಿ ಬಂದ.

ಕೊನೆಯ ಪಾತ್ರೆ ಬೇಲಿಯ ಬುಡಕ್ಕೆ ಬಿತ್ತು. ಕಾವಲುಗಾರ ನೆನೆದ ತನ್ನ ಬೂಟುಗಳನ್ನು ನೋಡಿಕೊಂಡು, ಸೊಂಟದಿಂದ ಕೀಲಿ ಬಿಚ್ಚಿದ. ಹೆಣ ದಾಟಿಹೋಯಿತು. ಡೆನ್‌ಹ್ಯಾಂ ಹೂ ಹಿಡಿದುಕೊಂಡು ಒಣ ಮರಳಿನಲ್ಲಿ ನಿಂತೇ ಇದ್ದ.