ಇನ್ನೂರು ಮೈಕ್ರಾನ್

ಬಾಳೇಶನಿಗೆ ಅಳತೆಯ ಹುಚ್ಚು. ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಆತ ಮಾಡಿದ್ದು ಒಂದೇ ಕೆಲಸ: ಯಂತ್ರದಿಂದ ಬಂದ ಉಕ್ಕಿನ ಬಿಡಿಭಾಗಗಳನ್ನು ಅಳೆಯುವುದು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು ಮೈಕ್ರಾನ್. ಅಂಥ ಹತ್ತು ಹೆಚ್ಚುಕಡಿಮೆಯಾದರೂ ಮಾಲು ಕೆಂಪು ಡಬ್ಬಿಗೆ; ಯಾರ ಮುಲಾಜೂ ಇಲ್ಲ. ಈ ಚಾಳಿ ಮನೆಗೂ ಬಂದಿತ್ತು. ಮನೆಯಿದ್ದ ಖಾನಾಪುರದಿಂದ ಕಾರ್ಖಾನೆಗೆ ಇಪ್ಪತ್ತಾರು ಕಿಲೋಮೀಟರ್ ಎಂದು ಎಲ್ಲರೂ ಹೇಳಿದರೆ ಈತ, "ಎರಡು ಸಾವಿರದ ಆರುನೂರು ಕೋಟಿ ಮೈಕ್ರಾನ್" ಎನ್ನುವನು.

"ಅಷ್ಟು ದೂರ ಹೋಗಿ ಬರಾವರಿಗೆ ಒಂದು ಕಟ್ಟು ಕೊತ್ತಂಬರಿ ತರಾಕ ಏನ್ ಧಾಡಿ?" ಹೆಂಡತಿ ಪ್ರಮಿಳಾ ಮಾತಿನಲ್ಲಿ ಸೋಲುವವಳಲ್ಲ.

ಅಂಥವಳ ನಾಲಿಗೆಯ ಅಂಚಿಗೇ ಕ್ಯಾನ್ಸರಿನ ಗಡ್ಡೆಯಾಯಿತು. ದೇವರಿಗೆ ಬೇರೆ ಜಾಗ ಸಿಗಲಿಲ್ಲವೇ ಎಂದು ಕೇಳಬೇಕೆನಿಸುತ್ತದೆ. ಜೂನಿನಲ್ಲಿ ಬೆಳಗಾವಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಅನುರಾಧಾ ಅದನ್ನು ಕತ್ತರಿಸಿ ತೆಗೆದರು. ತಪಾಸಣೆಯ ವರದಿ ಬಂದ ಕೂಡಲೇ ತಂದು ತೋರಿಸಬೇಕು, ಗಡ್ಡೆಯ ಜೊತೆ ಸುತ್ತಲೂ ಕತ್ತರಿಸಿದ ಒಳ್ಳೆಯ ಮಾಂಸದ ಅಂಚು ಸಾಲದಿದ್ದರೆ ಇನ್ನೊಮ್ಮೆ ಕತ್ತರಿಸಬೇಕಾದೀತು ಎಂದರು. ಇನ್ನೊಮ್ಮೆ ಎಂಬ ಮಾತಿಗೆ ಪ್ರಮಿಳಾ ನಡುಗಿಹೋದಳು. ಈಗಲೇ ಮಾತು ತೊದಲುತ್ತಿತ್ತು.

ವರದಿ ಮೊಬೈಲಿಗೆ ಬಂತು. ಗಡ್ಡೆಯ ಸುತ್ತ ಸಿಕ್ಕ ಒಳ್ಳೆಯ ಅಂಚು: 0.2 ಮಿ.ಮೀ.

"ಸೊನ್ನಿ ಅಂತ ಬರದಾರಲ್ರಿ," ಪ್ರಮಿಳಾಳ ಕಣ್ಣು ತುಂಬಿ ಬಂತು.

"ಸೊನ್ನಿ ಯಾಕ ನೋಡ್ತಿ? ಮೈಕ್ರಾನ್‌ನ್ಯಾಗ ನೋಡು. ಇನ್ನೂರು! ನಾವು ಹತ್ತಕ್ಕ ಜಗಳಾ ಮಾಡ್ತೀವಿ. ಧಾರಾಳ ಬಿಟ್ಟ ಕತ್ತರಿಸ್ಯಾರ."

ಗುಣಾಕಾರ ತಪ್ಪಿರಲಿಲ್ಲ. ಅದೇ ಕೆಟ್ಟದ್ದಾಯಿತು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ಸಾಕ್ಷಿ ಫೋನಿನಲ್ಲಿ ಕೇಳಿದಾಗಲೂ, "ರಿಪೋರ್ಟ್ ಚಲೋ ಐತಿ" ಎಂದುಬಿಟ್ಟ. ಪ್ರಮಿಳಾ ಹಗುರಾಗಿ, ಭತ್ತದ ನಾಟಿ ನೋಡಲು ಜಾಂಬೋಟಿಯ ತವರಿಗೆ ಹೋದಳು. ಡಾಕ್ಟರ ಭೇಟಿ ಇಂದು ನಾಳೆ ಎನ್ನುತ್ತಾ ಬಿದ್ದೇಹೋಯಿತು.

ನಾಲ್ಕು ತಿಂಗಳಿಗೆ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಹೊಸ ಸ್ಕ್ಯಾನಿನಲ್ಲಿ ಶ್ವಾಸಕೋಶಕ್ಕೂ ಹರಡಿದ್ದು ತಿಳಿಯಿತು.

"ಐದು ಮಿಲಿಮೀಟರ್ ಅಂಚು ಬೇಕಿತ್ರಿ," ಎಂದರು ಅನುರಾಧಾ. "ಅಂದ್ರ ಐದು ಸಾವಿರ ಮೈಕ್ರಾನ್. ಇದ್ದದ್ದು ಇನ್ನೂರು. ಹತ್ತು ಜೀವಕೋಶ ಸಾಲಾಗಿ ನಿಂತ್ರ ಅಷ್ಟಾಗ್ತದ. ಅವತ್ತೇ ಬಂದಿದ್ರ ಇನ್ನೊಮ್ಮೆ ಕತ್ತರಿಸಿ ಉಳಿಸಾಕ ನೋಡಬಹುದಿತ್ತು. ಈಗ ತಡೀಬಹುದು ಅಷ್ಟ, ಪೂರ್ತಿ ವಾಸಿ ಮಾಡಾಕ ಆಗೂದಿಲ್ಲ. ಯಾಕ ಬರಲಿಲ್ಲ?"

ಬಾಳೇಶ ಬಾಯಿ ತೆರೆದ. ಅಷ್ಟರಲ್ಲಿ ಪ್ರಮಿಳಾ, "ಇವರು ಕರದ್ರು ರೀ. ನಾನ ಅಂಜಿ ಬರಲಿಲ್ಲ," ಎಂದಳು.

ಡಾಕ್ಟರು ನಿಟ್ಟುಸಿರು ಬಿಟ್ಟು ಫೈಲಿನಲ್ಲಿ ಹಾಗೆಯೇ ಬರೆದರು. ಬಾಳೇಶ ನಾಚಿಕೆಗೆಟ್ಟು ಅವಳ ಹಿಂದೆ ಎದ್ದು ನಡೆದ.

ಹೊರಗೆ ಬೆಂಚಿನ ಮೇಲೆ ಅವಳು ಸಣ್ಣ ದನಿಯಲ್ಲಿ ಹೇಳಿದಳು: "ಸಾಕ್ಷಿಗೆ ಫೈಲು ಓದಾಕ ಬರ್ತೈತಿ. ನಾ ಹೋದಮ್ಯಾಲ ಆಕಿಗೆ ನೀವೊಬ್ಬರ. ಅಪ್ಪನ ಮ್ಯಾಲ ಸಿಟ್ಟು ಹಿಡದು ಕುಂತ್ರ ಹೆಂಗ?"

ಬಾಳೇಶನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಮತ್ತೆ ಒಳಗೆ ಹೋದ.

"ಮೇಡಂ, ಅದನ್ನ ತಿದ್ರಿ. ಆಕಿ ಅಂಜಿ ಕೂತಾಕಿ ಅಲ್ಲ. ಇನ್ನೂರು ಸಾಕು ಅಂದಾಂವ ನಾನು."

"ಈಗ ತಿದ್ದಿದ್ರ ಏನೂ ಬದಲಾಗೂದಿಲ್ರಿ."

"ಗೊತ್ತೈತ್ರಿ. ತಪ್ಪು ಆಕಿ ಹೆಸರಿಗೆ ಉಳೀಬಾರದು."

ಅನುರಾಧಾ ಆ ಸಾಲಿನ ಮೇಲೆ ಗೆರೆ ಎಳೆದು ಹೊಸದಾಗಿ ಬರೆದರು. ಬಾಳೇಶ ನಿಂತೇ ಅದನ್ನು ಓದಿದ, ಕೈಮುಗಿದು ಹೊರಬಂದ.

"ತಿದ್ದಿಸಿದ್ನಿ," ಎಂದ ಹೆಂಡತಿಗೆ. "ಸಾಕ್ಷಿಗೂ ನಾನ ಹೇಳ್ತೀನಿ."

ಡಾಕ್ಟರ ಮುಂದೆ ಅಳದ ಪ್ರಮಿಳಾ ಈಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ನಿಮಗ ಅಂತ ಒಂದು ಮಗಳನ್ನರ ಉಳಿಸಿ ಹೋಗಬೇಕು ಅಂದ್ರ, ಅದಕ್ಕೂ ಬಿಡಲಿಲ್ಲಲ್ರಿ."