ತೋಳಿನ ಅಳತೆಗೆ ಹೋದ ಚಿಗುರು

ನಮ್ಮ ಅಂಗಡಿ ಮುಂದಿನ ಮರ ಸತ್ತಿದೆಯೋ ಬದುಕಿದೆಯೋ? ಮನೆಯಲ್ಲಿರುವುದು ಮೂರು ಜನ, ಮಾತು ಮಾತ್ರ ಆರು.

ಅವತ್ತು ಫೆಬ್ರವರಿ ಇಪ್ಪತ್ತೆರಡು. ಕಟ್ಟಡದ ಮಾಲೀಕರು ಬೆಳಿಗ್ಗೆಯೇ ಬಂದು ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ಒಂದೇ ಒಂದು ಎಲೆ ಇರಲಿಲ್ಲ.

“ಒಣಗಿ ಹೋಗಿದೆ ಕಣಮ್ಮ. ಕೊಂಬೆ ಯಾರ ತಲೆ ಮೇಲಾದ್ರೂ ಬಿದ್ರೆ ನನ್ನ ಕುತ್ತಿಗೆಗೆ ಬರುತ್ತೆ. ನಾಳೆ ಕಡಿಸ್ತೀನಿ.”

ನಾನು ಬಟ್ಟೆ ಹೊಲಿಯುವವಳು. ನನ್ನದು ತಗಡಿನ ಸೂರಿನ ಒಂದೇ ಕೋಣೆ. ಆ ಮರದ ನೆರಳಿಲ್ಲದಿದ್ದರೆ ಬೇಸಿಗೆಯಲ್ಲಿ ಮಷೀನಿನ ಮುಂದೆ ಹತ್ತು ನಿಮಿಷ ಕೂರಲಾಗದು.

“ಹೋದ ವರ್ಷ ಇಷ್ಟು ಹೊತ್ತಿಗೆ ಮರದ ತುಂಬ ಎಲೆ ಇತ್ತು. ಇದು ಸತ್ತೇ ಹೋಗಿದೆ,” ಎಂದರು ಅತ್ತೆ.

“ಎಲ್ಲಿತ್ತಮ್ಮಾ? ಹೋದ ವರ್ಷಾನೂ ಹೀಗೇ ಬೋಳಾಗಿತ್ತು,” ಎಂದರು ಪಕ್ಕದಲ್ಲೇ ಪಂಚರ್ ಅಂಗಡಿ ಇಟ್ಟಿರುವ ನಮ್ಮವರು.

ಅತ್ತೆ ಹೇಳಿದಾಗ ಅದೇ ಸರಿ ಅನ್ನಿಸಿತು, ಗಂಡ ಹೇಳಿದಾಗ ಇದೇ ಸರಿ ಅನ್ನಿಸಿತು. ದಿನವೂ ಎದುರಿಗೇ ನಿಂತಿರುವ ಮರ, ಆದರೂ ನನಗೆ ತಲೆಬುಡ ನೆನಪಿಲ್ಲ. ನಾಚಿಕೆಯಾಯಿತು.

ಅಷ್ಟರಲ್ಲಿ ರವಿಕೆ ಒಯ್ಯಲು ಲೈಬ್ರರಿ ಅಕ್ಕ ಬಂದರು. ಒಂದು ವರ್ಷದ ಹಿಂದೆ ನನ್ನ ಕೈಗೆ ಇನ್ನೂರು ಪುಟದ ಖಾಲಿ ಪುಸ್ತಕ ಕೊಟ್ಟವರು ಅವರೇ. “ದಿನಾ ಐದು ನಿಮಿಷ ಸಾಕು. ತಾರೀಕು ಹಾಕು, ಕಂಡಿದ್ದು ಬರಿ. ಕೈಗೆ ಬಂದಂಗೆ ಒಂದು ಚಿತ್ರ ಗೀಚು,” ಎಂದಿದ್ದರು. ಆಗ ಅತ್ತೆ ಮೂಗು ಮುರಿದಿದ್ದರು: “ಎಲೆ ಬಿದ್ದಿದ್ದನ್ನ ಬರೆದ್ರೆ ಎಲೆ ವಾಪಸ್ ಹತ್ತುತ್ತಾ?”

“ಜಗಳ ಯಾಕೆ? ಪುಸ್ತಕ ತೆಗಿ,” ಎಂದರು ಅಕ್ಕ.

ತೆಗೆದೆ. ತೆಳ್ಳಗಾಗಿತ್ತು.

“ಹೋದ ವರ್ಷದ ಪುಟಗಳೆಲ್ಲಿ?”

ನನ್ನ ಕಸುಬಿನ ರೂಢಿಯೇ ನನಗೆ ಮುಳುವಾಗಿತ್ತು. ಆರ್ಡರ್ ಪುಸ್ತಕದಲ್ಲಿ, ಬಟ್ಟೆ ಕೊಟ್ಟ ಮೇಲೆ ಆ ಪುಟಕ್ಕೆ ಗೀಟು ಹಾಕಿ ಹರಿಯುತ್ತೇನೆ. ಆ ಕಾಗದವನ್ನು ತೋಳಿನದೋ ಕತ್ತಿನದೋ ಆಕಾರಕ್ಕೆ ಕತ್ತರಿಸಿ, ಅಳತೆಗೆಂದು ಮೊಳೆಗೆ ನೇತುಹಾಕುತ್ತೇನೆ. ಈ ಪುಸ್ತಕದಲ್ಲೂ ಒಂದೊಂದು ಸಂಗತಿಗೆ ಒಂದೊಂದು ಪುಟ ಇಟ್ಟು, ಅದನ್ನೇ ಮಾಡಿದ್ದೆ. ಮರ ಚಿಗುರಿತೇ? ಕೆಲಸ ಮುಗಿಯಿತು, ಗೀಟು ಹಾಕು, ಹರಿ. ಉಳಿದಿದ್ದು ಮುಗಿಯದ ಸಂಗತಿಗಳು ಮಾತ್ರ: ಎಲ್ಲಿಗೆ ಹೋಗುತ್ತದೋ ತಿಳಿಯದ ಒಂದು ಇರುವೆ ಸಾಲು, ವಾಪಸ್ ಬಾರದ ಒಂದು ಹಕ್ಕಿ.

“ಅಯ್ಯೋ ನಿನ್ನ! ಮರ ಏನು ಗಿರಾಕಿನಾ, ಬಟ್ಟೆ ತಗೊಂಡು ಹೋಗೋಕೆ? ಮತ್ತೆ ಅದೇ ಕಾಲ ಬರಲ್ವಾ?” ಅಕ್ಕ ಹಣೆ ಚಚ್ಚಿಕೊಂಡರು.

ಮೊಳೆಯಲ್ಲಿದ್ದ ಕಾಗದಗಳನ್ನೆಲ್ಲ ನೆಲಕ್ಕೆ ಸುರಿದೆವು. ಮಾಲೀಕರೂ ಕುಕ್ಕರಗಾಲಲ್ಲಿ ಕೂತು ಹುಡುಕಿದರು. ನನ್ನ ಗಿರಾಕಿ ಟೀಚರಮ್ಮನ ತೋಳಿನ ಅಳತೆಯ ಮೇಲೆ ನನ್ನ ಅಕ್ಷರ ಸಿಕ್ಕಿತು: ‘ಫೆಬ್ರವರಿ ಹದಿನೆಂಟು. ಒಂದೂ ಎಲೆ ಇಲ್ಲ. ಸತ್ತೇ ಹೋಯಿತೇನೋ.’ ಅದರ ಕೆಳಗೆ, ‘ಮಾರ್ಚ್...’ ಅಲ್ಲಿಗೆ ಕತ್ತರಿ ಕಂಕುಳಿನ ಕಡೆಗೆ ತಿರುಗಿ, ತಾರೀಕು ಕತ್ತರಿಸಿಹೋಗಿತ್ತು. ಮುಂದಿನ ಸಾಲಿನಲ್ಲಿ ‘ಕೆಂಪು ಚಿಗುರು’ ಎಂದಿತ್ತು.

“ನೋಡಿದ್ಯಾ?” ನಮ್ಮವರು ಅತ್ತೆಯ ಕಡೆ ಮೀಸೆ ತಿರುವಿದರು.

“ಸರಿ, ಮಾರ್ಚ್ ಎಷ್ಟನೇ ತಾರೀಕು?” ಮಾಲೀಕರು ಕೇಳಿದರು.

ಯಾರಿಗೂ ಗೊತ್ತಿಲ್ಲ. ಮೊದಲ ದಿನವೋ, ಕೊನೆಯ ದಿನವೋ?

“ಮಾರ್ಚ್ ಹದಿನೈದರವರೆಗೆ ಕಾಯ್ತೀನಿ. ಅಲ್ಲೀವರೆಗೆ ಗಿರಾಕಿಗಳು ಕೂರೋ ಬೆಂಚು ಆ ಕಡೆ ಹಾಕಿ, ಮರದ ಕೆಳಗೆ ಯಾರೂ ನಿಲ್ಲಬಾರದು,” ಎಂದು ಮಾಲೀಕರು ಹೊರಟರು.

ಮರುದಿನದಿಂದ ಮತ್ತೆ ಬರೆದೆ. ಆದರೆ ಏನು ಬರೆಯುವುದು? ಲೈಬ್ರರಿ ಅಕ್ಕನ ಹತ್ತಿರ ಹೋಗಿ ಹೇಳಿದೆ: “ಏನೂ ಆಗ್ತಿಲ್ಲ ಅಕ್ಕ.”

“ಏನೂ ಆಗ್ಲಿಲ್ಲ ಅಂತಾನೇ ಬರಿ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತ ಬರಿ. ಒಂದು ದಿನ ತಪ್ಪಿದ್ರೆ ಕೊರಗಬೇಡ, ಮಾರನೇ ದಿನ ಕೂತ್ಕೋ.”

ಬರೆದೆ. ‘ಏನೂ ಇಲ್ಲ. ತೊಗಟೆ ಮೇಲೆ ಒಂದು ಹುಳ. ಹೆಸರು ಗೊತ್ತಿಲ್ಲ.’ ‘ಏನೂ ಇಲ್ಲ. ಗಾಳಿ ದಿಕ್ಕು ಬದಲಾಯಿತು, ಯಾಕೋ.’ ಅತ್ತೆ ಮೊದಲು ನಕ್ಕರು, ಆಮೇಲೆ ಕನ್ನಡಕ ಒರೆಸಿಕೊಂಡು ಪಕ್ಕದಲ್ಲಿ ನಿಂತರು. “ಆ ತುದಿ ಕೊಂಬೆ ಉಬ್ಬಿದೆಯೋ, ನನ್ನ ಕಣ್ಣೇ ಮಂಜೋ? ಅದನ್ನೂ ಬರಿ.” ಒಂದು ದಿನ ಮಾಲೀಕರು ಪೆನ್ನು ಕಿತ್ತುಕೊಂಡು ತಾವೇ ‘ಇಲ್ಲ’ ಎಂದು ಬರೆದರು. ಮರುದಿನವೂ ಬಂದರು.

ಮಾರ್ಚ್ ಹದಿನೈದು. ಚಿಗುರಿಲ್ಲ. ಹಗ್ಗ, ಗರಗಸ ಹಿಡಿದು ಇಬ್ಬರು ಬಂದೇಬಿಟ್ಟರು. ಹಿಂದೆಯೇ ಬಂದ ಮಾಲೀಕರ ಕೈಗೆ ನಾನು ಪುಸ್ತಕ ಕೊಟ್ಟೆ. ಅವರು ಅದನ್ನು ತೆರೆದು ಒಂದೊಂದೇ ಪುಟ ತಿರುವಿದರು, ತಮ್ಮ ಅಕ್ಷರವಿದ್ದ ಕಡೆ ನಿಂತರು.

“ಮಾರ್ಚ್‌ಗೆ ಮೂವತ್ತೊಂದು ದಿನ ಇದೆ ಅಲ್ವಾ?” ಎಂದರು. ಗರಗಸದವರಿಗೆ, “ಇವತ್ತು ಬೇಡಪ್ಪ, ಹೋಗಿ.”

ಇಪ್ಪತ್ತಮೂರರ ಬೆಳಿಗ್ಗೆ ಅತ್ತೆಯ ಕೂಗಿಗೆ ಬೀದಿಯೇ ಎದ್ದಿತು. ತಗಡಿನ ಮೇಲಿನ ಕೊಂಬೆಯಲ್ಲಿ ಉಗುರಿನಷ್ಟು ಕೆಂಪು. “ತಾರೀಕು ಹಾಕೇ, ಮೊದಲು ತಾರೀಕು ಹಾಕು!”

ಈ ವರ್ಷ ಚಿಗುರು ತಡವಾಯಿತೋ, ಬೇಗ ಬಂತೋ? ಈಗಲೂ ಗೊತ್ತಿಲ್ಲ, ಹೋದ ವರ್ಷದ ತಾರೀಕು ಟೀಚರಮ್ಮನ ಕಂಕುಳಿಗೆ ಹೋಯಿತು. ಮುಂದಿನ ವರ್ಷ ಗೊತ್ತಾಗುತ್ತದೆ. ಅವತ್ತೇ ಪುಸ್ತಕದ ಬೆನ್ನನ್ನು ಮಷೀನಿನಡಿ ಇಟ್ಟು, ದಪ್ಪ ದಾರದಲ್ಲಿ ಎರಡು ಸಾಲು ಹೊಲಿಗೆ ಹಾಕಿದೆ. ಇನ್ನು ನಾನೇ ಎಳೆದರೂ ಪುಟ ಬರುವುದಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಾಗಿಲ ಮುಂದೆಯೂ ಒಂದು ಮರವೋ, ಗೋಡೆಯ ಸಂದಿಯ ಹುಲ್ಲೋ ಇದ್ದೇ ಇರುತ್ತದೆ. ಇವತ್ತೇ ತಾರೀಕು ಹಾಕಿ, ಒಂದು ಸಾಲು ಬರೆಯಿರಿ. ಮಳೆಗೂ ಬರೆಯಿರಿ, ಚಳಿಗೂ ಬರೆಯಿರಿ, ಏನೂ ಆಗದ ದಿನವೂ ಬರೆಯಿರಿ. ತಿಳಿಯದಿದ್ದರೆ ‘ಗೊತ್ತಿಲ್ಲ’ ಎನ್ನಿ, ಯಾರೂ ನಗುವುದಿಲ್ಲ. ಪುಟ ಮಾತ್ರ ಹರಿಯಬೇಡಿ.