ಎರಡು ಚೀಟಿ

ರಾತ್ರಿ ಹನ್ನೊಂದರ ಮೇಲೆ ಚಿಲಕ ಮೆಲ್ಲಗೆ ಅಲುಗಿತು. ಗಾಳಿಯೆಂದುಕೊಂಡೆ. ಮತ್ತೆ ಅಲುಗಿತು. ತೆರೆದರೆ ಭೀಮಕ್ಕ, ನನ್ನ ವಿದ್ಯಾರ್ಥಿನಿ ಮಹಾಂತಮ್ಮನ ತಾಯಿ. ಹತ್ತಿ ಮಿಲ್ಲಿನ ಪಾಳಿ ಮುಗಿಸಿ ನೇರ ಬಂದಿದ್ದಳು. ಕೂದಲಲ್ಲಿ ಇನ್ನೂ ಹತ್ತಿಯ ಎಳೆಗಳಿದ್ದವು.

“ಟೀಚರಮ್ಮಾ, ನಾಳಿ ಸಾಲ್ಯಾಗ ಚರ್ಚೆ ಐತಂತಲ್ರಿ. ಕಂಪನಿಗೋಳು ಇನ್ನಾ ತೆರಿಗಿ ಕಟ್ಲಿ ಅಂತ ಹೇಳ್ತಾಳಂತ ನಮ್ಮಾಕಿ. ನಮ್ಮ ಮಿಲ್ಲಿನ ಮ್ಯಾನೇಜರ್ ಸಾರೇ ಮುಂದ ಕುಂದ್ರತಾರ.”

“ನೀನೇ ಅವಳಿಗೆ ಹೇಳಬಾರದೆ?”

“ಎಲ್ಲಿ ಕೇಳ್ತಾಳ್ರಿ! ನಮ್ಮತ್ತಿ ಬಾಯೇ ಬಂದೈತಿ ಆಕಿಗಿ. ಹೋದ ವರ್ಷ ನನ್ನ ಜೋಡಿ ಮಿಲ್ಲಿನ್ಯಾಗ ದುಡಿಯೋ ಲಿಂಗಕ್ಕ ಕೂಲಿ ಹೆಚ್ಚಿಗಿ ಕೇಳಿದ್ಲು. ಮರುದಿನ ಗೇಟಿನೊಳಗ ಬಿಡ್ಲಿಲ್ಲ.”

“ಯಾರು ಯಾವ ಪಕ್ಷ ಎಂಬುದು ಬೆಳಿಗ್ಗೆ ಚೀಟಿ ಎತ್ತಿದ ಮೇಲೆ ತಿಳಿಯುವುದು, ಭೀಮಕ್ಕ. ನನ್ನ ಕೈಯಲ್ಲಿಲ್ಲ.”

“ಹಂಗಾದ್ರ ನಮ್ಮ ದೇವ್ರು ಉರುಕುಂದಿ ಈರಣ್ಣನ ಕೈಯಾಗ ಐತಿ, ಬಿಡ್ರಿ.”

ಅವಳು ಹೋದ ಮೇಲೆ ಎರಡು ಚೀಟಿ ಬರೆದೆ. ಎರಡರಲ್ಲೂ ‘ವಿರುದ್ಧ’ ಎಂದೇ ಬರೆದೆ.

ಬೆಳಿಗ್ಗೆ ಚರ್ಚೆಗೆ ನಿಂತ ಇಬ್ಬರು ಹುಡುಗಿಯರಲ್ಲಿ ಮಹಾಂತಮ್ಮ ಮೊದಲು ಎತ್ತಿದಳು. ಓದಿ ಅವಳ ಮುಖ ಸಣ್ಣದಾಯಿತು. “ಹಾಗಾದರೆ ತೆರಿಗೆಯ ಪರವಾಗಿ ಆದಿಲಕ್ಷ್ಮಿ ಮಾತನಾಡುತ್ತಾಳೆ” ಎಂದು, ಉಳಿದ ಚೀಟಿಯನ್ನು ಬಿಚ್ಚದೆ ಮುಷ್ಟಿಯಲ್ಲಿ ಹಿಡಿದುಕೊಂಡೆ.

ಕಂಪನಿಗಳ ಲಾರಿಗಳು ಸರಕಾರದ ರಸ್ತೆಯಲ್ಲೇ ಓಡುತ್ತವೆ, ಅದಕ್ಕೆ ತಕ್ಕಷ್ಟು ಕೊಡಲಿ ಎಂದಳು ಆದಿಲಕ್ಷ್ಮಿ. ಮಹಾಂತಮ್ಮ ಎದ್ದು ನಿಂತು ಹೇಳಿದಳು: “ತೆರಿಗೆ ಹೆಚ್ಚಿಸಿದರೆ ಕಂಪನಿ ಆ ಹಣವನ್ನು ಎಲ್ಲಿಂದ ತರುತ್ತದೆ? ಮಾಲೀಕರ ಮೋಟಾರು ಮಾರುವುದಿಲ್ಲ. ನನ್ನ ಅವ್ವನ ಕೂಲಿಗೆ ಕತ್ತರಿ ಹಾಕುತ್ತದೆ. ಆದ್ದರಿಂದ ದಯವಿಟ್ಟು ತೆರಿಗೆ ಹೆಚ್ಚಿಸಬೇಡಿ.”

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಾನು ಮುಂದಿನ ಸಾಲಿನತ್ತ ನೋಡಿದೆ. ಮ್ಯಾನೇಜರು ಚಪ್ಪಾಳೆ ತಟ್ಟಿದರು. ಬಹುಮಾನದ ಪೆನ್ನನ್ನೂ ಅವಳಿಗೇ ಕೊಟ್ಟರು.

“ಟೀಚರ್, ಇನ್ನೊಂದು ಚೀಟಿ ಬಂದಿದ್ರ ಇನ್ನೂ ಚಂದ ಮಾತಾಡ್ತಿದ್ದೆ ನಾನು,” ಎಂದಳು ಹುಡುಗಿ, ಪೆನ್ನಿನ ಮುಚ್ಚಳವನ್ನು ತಿರುಗಿಸುತ್ತ. “ನನಗ ದಿಟ ಅನ್ನಿಸಿದ್ದು ಅದು.”

ಮಧ್ಯಾಹ್ನ ಪಾಳಿಗೆ ಹೋಗುವ ಮೊದಲು ಭೀಮಕ್ಕ ಬಂದಳು. ಹನುಮಪ್ಪನ ಗುಡಿಯಲ್ಲಿ ಈರಣ್ಣನ ಹೆಸರಿನಲ್ಲಿ ಒಡೆಸಿದ ತೆಂಗಿನಕಾಯಿಯ ಚೂರು ತಂದಿದ್ದಳು.

“ನೋಡ್ರಿ ಟೀಚರಮ್ಮ, ಸ್ವಾಮಿ ನಮ್ಮ ಕೈ ಬಿಡಲಿಲ್ಲ.”

ಬಲಗೈ ಚಾಚಿದೆ. ಬೆವರಿಗೆ ಕರಗಿದ ಚೀಟಿಯ ಮಸಿ ಅಂಗೈಯಲ್ಲಿ ನೀಲಿಯಾಗಿ ಹರಡಿತ್ತು. “ಮಕ್ಕಳಿಗಿ ಬರೆಸೋ ಕೈ ಅಲ್ಲೇನ್ರಿ, ಹೋಗಾಂಗಿಲ್ಲ ಮಸಿ,” ಎಂದು ಅವಳು ನಕ್ಕು, ಅದರ ಮೇಲೆಯೇ ಪ್ರಸಾದವಿಟ್ಟಳು.

ಎರಡು ಚೀಟಿಯಲ್ಲೂ ಒಂದೇ ಮಾತು ಬರೆದದ್ದನ್ನು ಹೇಳಿದರೆ ತಾಯಿಯ ನಂಬಿಕೆ ಹೋಗುತ್ತಿತ್ತು. ಮಗಳು ಮ್ಯಾನೇಜರಿಗೆ ಪೆನ್ನು ಹಿಂತಿರುಗಿಸಲು ಓಡುತ್ತಿದ್ದಳು. ಕಾಯಿಯನ್ನು ಬಾಯಿಗೆ ಹಾಕಿಕೊಂಡೆ. ಯಾರಿಗೂ ಹೇಳಬಾರದೆಂದು ಆಗಲೇ ನಿರ್ಧರಿಸಿದೆ.